ನಾನು ಕೆರೆದು ನೋಡಿದ ತೊಟ್ಟಿಲು

ನನ್ನ ಮೊಮ್ಮಗಳಿಗೆ ಎರಡು ಹಲ್ಲು ಬಂದಿವೆ. ಕೆಳಗಿನವು, ಅಕ್ಕಿ ನುಚ್ಚಿನಷ್ಟು. ಬಾಗಲಕೋಟೆಯ ನವನಗರದಲ್ಲಿ ನಮ್ಮ ಓಣಿಯವರು ಯಾರೇ ಎದುರಾಗಲಿ, ನನ್ನ ಬಾಯಿಂದ ಮೊದಲು ಬರುವ ಮಾತು ಅದೇ. ಹಾಲು ಹಾಕುವವನಿಗೆ ಹೇಳಿಯಾಯಿತು, ಕರೆಂಟ್ ಬಿಲ್ ಕೊಡಲು ಬಂದವನಿಗೆ ಹೇಳಿಯಾಯಿತು. ರೊಟ್ಟಿ ಮಾರುವ ಹೆಣ್ಣುಮಗಳಿಗಂತೂ ಮರೆತು ಮತ್ತೊಮ್ಮೆ ಹೇಳಿದೆ.

"ಊರಾಗ ಮತ್ಯಾರ ಕೂಸಿಗೂ ಹಲ್ಲ ಬಂದಿಲ್ಲೇನ್ರಿ?" ಎಂದು ನನ್ನ ಹೆಂಡತಿ ಬೈಯುತ್ತಾಳೆ. "ನಿಮ್ಮ ಬಾಯಾಗಿನವು ಉದುರಿದ್ವು, ಆಕಿ ಬಾಯಾಗ ಹುಟ್ಟಿದ್ವು. ಮನ್ಯಾಗಿನ ಹಲ್ಲು ಮನ್ಯಾಗ ಉಳದ್ವು. ಸಾಕ್ ಸುಮ್ನಿರ್ರಿ."

ಸುಮ್ಮನಿರಲು ಆಗುವುದಿಲ್ಲ. ಮಗನ ಮದುವೆಯಾಗಿ ಎಷ್ಟೋ ವರ್ಷ ದಾರಿ ಕಾದ ಮೇಲೆ ಬಂದ ಕೂಸು. ಅವಳು ಸೀನಿದರೆ ನನಗೆ ಹಬ್ಬ.

ಆ ಹಲ್ಲುಗಳಿಂದ ಅವಳು ಮೊದಲು ಕಚ್ಚಿದ್ದು ತನ್ನ ತೊಟ್ಟಿಲಿನ ಕೋಲನ್ನು. ಎದ್ದು ಕೂತು, ಎರಡೂ ಕೈಯಿಂದ ಕೋಲು ಹಿಡಿದು, ಜೊಲ್ಲು ಸುರಿಸುತ್ತ ಕಚ್ಚುತ್ತಿದ್ದಳು. ನನಗೆ ಕುಣಿಯುವಷ್ಟು ಖುಷಿಯಾಯಿತು, ಹಾಗೇ ಎದೆಯೊಳಗೆ ಮುಳ್ಳೂ ಆಡಿತು. ಆ ತೊಟ್ಟಿಲು ನಮ್ಮ ಮನೆಗೆ ಬಂದ ದಿನ ನಾನು ಮಾಡಿದ್ದು ನೆನಪಾಗಿತ್ತು. ಅದನ್ನೇ ಬರೆಯುತ್ತಿದ್ದೇನೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಅಕ್ಷರ ಸೊಟ್ಟಗಿರಬಹುದು, ಮಾತನ್ನು ಸೊಟ್ಟ ಮಾಡುವುದಿಲ್ಲ.

ನಾನು ಬಡಗಿ. ಹಳೆಯ ಬಾಗಲಕೋಟೆಗೆ ಹಿನ್ನೀರು ಬರುತ್ತದೆಂದು ಮನೆಗಳನ್ನು ಬಿಚ್ಚಿದಾಗ ಬಾಗಿಲು, ಚೌಕಟ್ಟು, ಕಂಬ, ಮಂಚ, ಪೆಟ್ಟಿಗೆ ಎಲ್ಲ ಲಾರಿ ಹತ್ತಿದವು. ಬಾದಾಮಿಯಲ್ಲಿ ಒಬ್ಬ ಸಾಹುಕಾರ ಹಳೆಯ ಸಾಮಾನಿನ ಅಂಗಡಿ ಇಟ್ಟಿದ್ದ. ಗವಿ ನೋಡಲು ಬರುವ ಪರಊರಿನ ಜನ ಅವನ ಗಿರಾಕಿಗಳು. ಅಲ್ಲಿ ರಿಪೇರಿ ಕೆಲಸಕ್ಕೆ ಸೇರಿದವನು ಕೈಯಲ್ಲಿ ಕಸುವು ಇರುವವರೆಗೂ ಅಲ್ಲೇ ಇದ್ದೆ. ಅಂಗಡಿಯಲ್ಲಿ ಎರಡು ತರಹದ ಮಾಲು. ಒಂದು ಖರೇ ಹಳೆಯದು. ಇನ್ನೊಂದು ಹಳೆಯದರ ಹಾಗೆ ಕಾಣುವ ಹೊಸದು, ಅದನ್ನು ಹೋಟೆಲಿನವರು ತಾವೇ ಹೇಳಿ ಮಾಡಿಸಿಕೊಳ್ಳುತ್ತಿದ್ದರು. ಚಹಾದ ಡಿಕಾಕ್ಷನ್ನು, ತುಕ್ಕು ಮೊಳೆ ನೆನೆಸಿದ ಹುಣಸೆ ನೀರು, ಒಲೆಯ ಹೊಗೆ ಇದ್ದರೆ ನಿನ್ನೆ ಕೊಯ್ದ ಹಲಗೆಯನ್ನು ಮುತ್ತಜ್ಜನ ಕಾಲದ್ದು ಮಾಡಬಹುದು. ಎರಡನ್ನೂ ಮಾಡಿದ ಕೈಗೆ ಎರಡರ ಗುರುತೂ ಸಿಗುತ್ತದೆ.

ಕುರ್ಚಿಯ ತೋಳು ಮುಂಗೈ ಊರುವ ಜಾಗದಲ್ಲೇ ಸವೆದಿರಬೇಕು. ಎಲ್ಲ ಕಡೆ ಒಂದೇ ಸಮ ಸವೆದಿದ್ದರೆ ಅದು ಪಾಲಿಶ್ ಪೇಪರಿನ ಕೆಲಸ. ಹುಳ ತಿಂದ ತೂತಿಗೆ ಕಸಬರಿಗೆ ಕಡ್ಡಿ ಹಾಕಿ ನೋಡಬೇಕು. ನೆಟ್ಟಗೆ ಒಳಗೆ ಹೋಯಿತೋ, ಅದು ಡ್ರಿಲ್ ಮಶೀನಿನ ತೂತು, ಯಾಕೆಂದರೆ ಹುಳ ಎಂದೂ ನೆಟ್ಟಗೆ ನಡೆಯುವುದಿಲ್ಲ. ದುಂಡಗೆ ಕಡೆದ ಕೋಲು ಬಹಳ ವರ್ಷವಾದರೆ ಪೂರ್ತಿ ದುಂಡಗೆ ಉಳಿಯುವುದಿಲ್ಲ. ಕಟ್ಟಿಗೆ ಒಂದು ಮಗ್ಗುಲಿಗೆ ಹೆಚ್ಚು ಒಣಗಿ ತುಸು ಚಪ್ಪಟೆಯಾಗುತ್ತದೆ. ಅದು ಕಣ್ಣಿಗೆ ಕಾಣದು, ಕಣ್ಣು ಮುಚ್ಚಿ ಬೆರಳಾಡಿಸಿದರೆ ತಿಳಿಯುತ್ತದೆ. ಎಲ್ಲಕ್ಕಿಂತ ಕೆಟ್ಟ ಮಾಲಿಗೆ ನಾವು ಜೋಡಣಿ ಅನ್ನುತ್ತಿದ್ದೆವು. ಮುರಿದ ನಾಲ್ಕು ಸಾಮಾನಿನ ತುಂಡು ಕೂಡಿಸಿ ಒಂದು ಮಾಡಿ, ಇಡೀ ಹಳೆಯದು ಎಂದು ಮಾರುವುದು. ಅದನ್ನು ಹಿಡಿಯುವುದರಲ್ಲಿ ನಾನು ಹುಲಿ. ಬೇರೆ ಬೇರೆ ಜಾತಿಯ ಕಟ್ಟಿಗೆ, ಬೇರೆ ಬೇರೆ ಕೈಯ ಕೆಲಸ ಒಂದೇ ಸಾಮಾನಿನಲ್ಲಿ ಕಂಡಿತೆಂದರೆ ಗಿರಾಕಿಯ ಎದುರಿಗೇ ಮೂಗು ಮುರಿಯುತ್ತಿದ್ದೆ.

ಸೊಸೆಯ ತವರು ಹುನಗುಂದ. ಬಾಣಂತನ ಅಲ್ಲೇ ಆಯಿತು. ಬಾಣಂತಿ ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಬರುವಾಗ ತವರಿನವರು ತೊಟ್ಟಿಲು ಕೊಟ್ಟು ಕಳಿಸುವುದು ನಮ್ಮ ಕಡೆಯ ಪದ್ಧತಿ. ಸೊಸೆಗೆ ತಂದೆಯಿಲ್ಲ, ತೀರಿಕೊಂಡು ಬಹಳ ದಿನವಾಯಿತು. ಅವಳ ತಾಯಿ, ಅಂದರೆ ನನ್ನ ಬೀಗತಿ, ಗಾಡಿ ಮಾಡಿಕೊಂಡು ತಾವೇ ಮಗಳನ್ನೂ ಮೊಮ್ಮಗಳನ್ನೂ ಕರೆತಂದರು. ನಾನು ಅರ್ಧ ಓಣಿಯನ್ನು ಕರೆದು ಅಂಗಳದಲ್ಲಿ ಕೂಡಿಸಿದ್ದೆ.

ಇಳಕಲ್ ಸೀರೆಯ ಮೆತ್ತನೆಯ ಹಳೆಯ ತುಂಡಿನಲ್ಲಿ ಸುತ್ತಿದ ಕೂಸನ್ನು ನನ್ನ ಕೈಗೆ ಕೊಟ್ಟರು. ನನ್ನ ಬೊಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಂದವರಿಗೆಲ್ಲ ಎರಡೆರಡು ಸಲ ಪೇಡೆ ಹಂಚಿದೆ. ಹೆಂಡತಿ ನನ್ನ ಕೈಯಿಂದ ಡಬ್ಬಿ ಕಸಿದುಕೊಂಡಳು. ಆ ಹೊತ್ತಿನಲ್ಲಿ ನನಗೆ ಏನು ಹೇಳಿದರೂ ನಡೆಯುತ್ತದೆ ಅನ್ನುವ ಹುಮ್ಮಸ್ಸು.

ಗಾಡಿಯಿಂದ ತೊಟ್ಟಿಲು ಇಳಿಸಿದರು. ನಾಲ್ಕು ಕಾಲಿನ ಚೌಕಟ್ಟು, ಅದರಲ್ಲಿ ತೂಗುವ ತೊಟ್ಟಿಲು, ಸುತ್ತಲೂ ಗೇಣುದ್ದದ ಕೋಲುಗಳ ಕಟಾಂಜನ. ಬೀಗತಿ ಸೆರಗಿನಿಂದ ಧೂಳು ಒರೆಸಿದರು.

"ಬೀಗರ, ಇದು ನಮ್ಮವ್ವನ ಅವ್ವನ ಕಾಲದ ತೊಟ್ಲರಿ. ನಾನೂ ಇದ್ರಾಗ ಮಲಗೇನಿ, ನಿಮ್ಮ ಸೊಸಿನೂ ಮಲಗ್ಯಾಳ."

ಪಕ್ಕದ ಮನೆಯವನಿಗೆ ಸುಮ್ಮನಿರಲಾಗಲಿಲ್ಲ. "ಹಳೇ ಮಾಲು ಪರೀಕ್ಷಾ ಮಾಡಾವ್ರು ಇಲ್ಲೇ ಅದಾರಲ್ಲ! ನೋಡ್ರಿ ಬಡಗ್ಯಾರ, ಖರೆ ಐತೋ ಖೋಟಾ ಐತೋ!"

ಬೀಗರ ನಡುವೆ ಚೇಷ್ಟೆ ನಡೆಯುತ್ತದೆ. ಹೋಳಿಗೆಗೆ ಬೆಲ್ಲ ಕಡಿಮೆ ಅನ್ನುವುದು, ಕೊಟ್ಟ ಸೀರೆಯ ಬಣ್ಣ ಹೋಗುತ್ತದೆ ಅನ್ನುವುದು ಇದ್ದದ್ದೇ. ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ, ಚೇಷ್ಟೆ ಮಾಡದಿದ್ದರೇ ಬೀಗರಿಗೆ ಬೇಸರ. ನಾನು ಕೂಸನ್ನು ಹೆಂಡತಿಯ ಕೈಗೆ ಕೊಟ್ಟು, ತೋಳು ಮಡಚಿ, ಅಂಗಡಿಯಲ್ಲಿ ಕೂರುತ್ತಿದ್ದಂತೆ ಕುಕ್ಕರುಗಾಲಲ್ಲಿ ಕೂತೆ.

ತೊಟ್ಟಿಲನ್ನು ಬೋರಲು ಹಾಕಿದೆ, ಮೂಸಿ ನೋಡಿದೆ. ಕೋಲುಗಳ ಮೇಲೆ ಬೆರಳಾಡಿಸಿದೆ. ಹೆಚ್ಚಿನವು ಒಂದೇ ಅಚ್ಚಿನ ಸಾಗವಾನಿ ಕೋಲು. ನಡುನಡುವೆ ಮಾತ್ರ ಏನೇನೋ.

"ಇದು ಸಾಗವಾನಿ. ಇದು ಜಾಲಿ. ಇದ್ಯಾವ್ದೋ ಮಗ್ಗದ ಕೋಲ ಮುರಕೊಂಡು ಬಂದು ತುರಕ್ಯಾರ. ಇಲ್ನೋಡ್ರಿ, ಒಂದು ತೂತ ಖಾಲಿನ ಐತಿ, ಕೋಲ ಹಾಕೂದ ಮರತಾರ! ಅಂಚಿನ ಮ್ಯಾಲ ಈ ಸಣ್ಣ ಸಣ್ಣ ಗುಳಿ ಅದಾವಲ್ಲ, ಹಳೇದು ಕಾಣ್ಲೆಂತ ಉಳೀಲೆ ಹೊಡದಾರ."

ಜನ ನಗತೊಡಗಿದರು. ಜನ ನಕ್ಕಷ್ಟೂ ನನ್ನ ದನಿ ಏರಿತು. ಒಂದು ಕೋಲು ಉಳಿದವಕ್ಕಿಂತ ದಪ್ಪ, ಸೊಟ್ಟ, ಮೇಲೆ ಕಂದು ಬಣ್ಣ ಬಳಿದದ್ದು. ಜೇಬಿನಿಂದ ಚಾಕು ತೆಗೆದೆ. ಪರೀಕ್ಷೆಗೆಂದು ಕೆರೆಯುವುದಾದರೆ ಕಾಣದ ಕಡೆ, ಅಡಿಯಲ್ಲಿ, ಕೂದಲೆಳೆಯಷ್ಟು ಕೆರೆಯಬೇಕು. ಅದು ನಮ್ಮ ಕೆಲಸದ ಮರ್ಯಾದೆ. ನಾನು ಎಲ್ಲರಿಗೂ ಕಾಣಲೆಂದು ಮುಂದುಗಡೆಯೇ, ಉಗುರಿನಷ್ಟಗಲ ಕೆರೆದೆ. ಒಳಗಿನ ಬಿಳಿ ಕಟ್ಟಿಗೆ ಹೊರಬಿತ್ತು.

"ನೋಡ್ರಿ! ಹಣ್ಣಿನ ಪೆಟಗಿ ಕಟಗಿ! ಅಕ್ಕಾರ, ಯಾರೋ ನಿಮಗ ಬರೋಬ್ಬರಿ ಟೋಪಿ ಹಾಕ್ಯಾರ. ಇದು ತೊಟ್ಲಲ್ಲ, ಜೋಡಣಿ ಮಾಲು, ಕಟಗಿ ಸಂತಿ!"

ಅಂಗಳವೆಲ್ಲ ನಕ್ಕಿತು. ಬೀಗತಿಯೂ ನಕ್ಕರು, ತುಟಿಯಷ್ಟೇ.

"ಇರಬೌದ್ರಿ. ನಮಗೇನ್ ತಿಳೀತೈತಿ," ಎಂದರು. ಅವರ ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಉದ್ದನೆಯದೇನೋ ಇತ್ತು. ಅದನ್ನು ಮೆಲ್ಲಗೆ ಮತ್ತೆ ತಮ್ಮ ಚೀಲಕ್ಕೆ ಸೇರಿಸಿದರು. ಸೊಸೆ ಒಳಗೆ ಹೋದಳು. ಕೂಸಿಗೆ ಹಾಲು ಕುಡಿಸಲು ಹೋದಳೆಂದು ತಿಳಿದೆ. ಕೂಸು ನನ್ನ ಹೆಂಡತಿಯ ಕೈಯಲ್ಲೇ ಇದೆ ಅನ್ನುವುದು ಕೂಡ ನನಗೆ ಹೊಳೆಯಲಿಲ್ಲ.

ಬೀಗತಿ ಊಟ ಮಾಡಿ ಊರಿಗೆ ಹೋದರು. ತೊಟ್ಟಿಲು ಪಡಸಾಲೆಯ ಮೂಲೆಯಲ್ಲಿ ಉಳಿಯಿತು. ಸೊಸೆ ಕೂಸನ್ನು ಅದರಲ್ಲಿ ಹಾಕಲಿಲ್ಲ, ತೊಲೆಯ ಕೊಂಡಿಗೆ ಸೀರೆ ಕಟ್ಟಿ ಜೋಳಿಗೆ ಮಾಡಿ ತೂಗಿದಳು. ನನ್ನ ಮಾತಿಗೆ ಬೆಲೆ ಕೊಟ್ಟಳೆಂದು ನಾನು ಉಬ್ಬಿದೆ. ಮುಖ್ಯವಾದದ್ದನ್ನು ನೋಡಲೇ ಇಲ್ಲ. ಹುನಗುಂದದಿಂದ ದಿನಾಲು ಬರುವ ಫೋನಿನಲ್ಲಿ ಮೊದಲು "ಬೀಗರು ಹೆಂಗದಾರ" ಎಂಬ ಮಾತು ಕೇಳಿಸುತ್ತಿತ್ತು, ಈಗ ಕೇಳಿಸುತ್ತಿರಲಿಲ್ಲ. "ಯಾವಾಗ ಬರ್ತಿ ಯವ್ವಾ?" ಎಂದು ಸೊಸೆ ಕೇಳುವಳು. ಆ ಕಡೆಯಿಂದ ಏನು ಉತ್ತರ ಬರುತ್ತಿತ್ತೋ, ಇವಳು ಸುಮ್ಮನೆ ಫೋನ್ ಇಡುವಳು.

ಒಂದು ಮುಂಜಾನೆ ಅಳತೆ ಟೇಪು ಹಿಡಿದು ಅವಳ ಹತ್ತಿರ ಹೋದೆ.

"ಮಗಳ, ಸಾಗವಾನಿದು ಹೊಸಾ ತೊಟ್ಲ ಮಾಡ್ತೇನಿ. ಗಿಳಿ ಬೇಕೋ ನವಿಲು ಬೇಕೋ ಹೇಳು."

"ಏನೂ ಬ್ಯಾಡ್ರಿ ಮಾವಾರ."

"ಹಂಗಂದ್ರ ಹೆಂಗ? ಈ ಹಳೇದನ್ನ ಬಿಚ್ಚತೇನಿ. ಸಾಗವಾನಿ ತುಂಡರ ಉಪಯೋಗ ಆಗತಾವ."

ನಾನು ತೊಟ್ಟಿಲ ಕಡೆ ಹೊರಟೆ. ಅವಳು ಬಂದು ನಡುವೆ ನಿಂತಳು. ನಮ್ಮ ಮನೆಗೆ ಬಂದ ಮೇಲೆ ಒಂದು ದಿನವೂ ನನ್ನೆದುರು ದನಿ ಎತ್ತಿದವಳಲ್ಲ. ಅವತ್ತೂ ಎತ್ತಲಿಲ್ಲ.

"ಆ ದಪ್ಪ ಕೋಲು ನಮ್ಮಪ್ಪ ಹಾಕಿದ್ದರಿ."

ನನಗೆ ಅರ್ಥವಾಗಲಿಲ್ಲ.

"ನಮ್ಮವ್ವನ ಕಡೆ ಹಿಂಗ ರೂಢಿರಿ. ಈ ತೊಟ್ಲ ಅವ್ವನಿಂದ ಮಗಳಿಗೆ ಹೋಗತೈತಿ. ಯಾವ ಮನಿ ಕೂಸ ಹುಟ್ಟತೈತೋ ಆ ಮನಿ ಗಂಡಸು, ಹಳೇ ಕೋಲೊಂದು ತಗದ ಜಾಗಾದಾಗ ತನ್ನ ಕೈಯಾರೆ ಒಂದು ಕೋಲ ಮಾಡಿ ಹಾಕಬೇಕು. ಬ್ಯಾರೆಯವ್ರ ಕಡೆ ಮಾಡಸಂಗಿಲ್ರಿ. ನೀವು ಮಗ್ಗದ ಕೋಲಂದ್ರಲ್ಲ, ಅದು ಇಳಕಲ್ಲಾಗ ನಮ್ಮವ್ವನ ಅವ್ವ ಹುಟ್ಟಿದಾಗ ಆಕಿ ಅಪ್ಪ ಹಾಕಿದ್ದು. ನೇಕಾರಿದ್ರು. ಜಾಲಿದು ನಮ್ಮವ್ವ ಹುಟ್ಟಿದಾಗ. ಬಾದಾಮಿ ಹಂತೇಲಿ ಹೊಲ ಇತ್ತು, ಹೊಲದಾಗಿನ ಜಾಲಿ. ನಮ್ಮಪ್ಪ ಹುನಗುಂದ ಮಾರ್ಕೆಟ್‌ನಾಗ ಹಮಾಲಿ ಮಾಡತಿದ್ರು. ಅವ್ರ ಕೈಗೆ ಸಿಕ್ಕಿದ್ದು ಹಣ್ಣಿನ ಪೆಟಗಿನರಿ. ನೀವು ಬರೋಬ್ಬರಿ ಹೇಳಿದ್ರಿ."

ಬರೋಬ್ಬರಿ ಹೇಳಿದ್ದೆ. ಕಟ್ಟಿಗೆ ಯಾವುದೆಂದು ಒಂದನ್ನೂ ತಪ್ಪದೆ ಹೇಳಿದ್ದೆ.

"ಮತ್ತ ಆ ಖಾಲಿ ತೂತು?" ಎಂದು ಕೇಳಿದೆ. ಕೇಳುವ ಮೊದಲೇ ನನಗೆ ಗೊತ್ತಾಗಿತ್ತು.

"ನಿಮಗಂತ ಬಿಟ್ಟದ್ದರಿ. ನಿಮ್ಮ ಮಗಗ ಬ್ಯಾಡ, ಮಾವಾರ ಹಾಕಲಿ ಅಂತ ಅವ್ವನ ಆಶಾ. ಈ ಸಲ ಖರೇ ಬಡಗ್ಯಾರ ಕೋಲು ಬರತೈತಿ ಅಂತ ಓಣಿ ತುಂಬ ಹೇಳಿದ್ಲು."

ಓಣಿ ತುಂಬ ಹೇಳಿದ್ದರಂತೆ. ನಾನು ಹಲ್ಲಿನ ಸುದ್ದಿ ಹೇಳಿಕೊಂಡು ತಿರುಗುತ್ತೇನಲ್ಲ, ಹಾಗೇ. ಟೇಪನ್ನು ಸುತ್ತಿ ಜೇಬಿಗೆ ಹಾಕಿದೆ.

ಹುನಗುಂದದ ಬಸ್ಸು ಹತ್ತಿದೆ. ಬೀಗತಿಯ ಮನೆ ಮಾರ್ಕೆಟ್ಟಿನ ಹಿಂದೆ. ಅವರು ಅಂಗಳದಲ್ಲಿ ಕಡಲೆ ಹಸನು ಮಾಡುತ್ತ ಕೂತಿದ್ದರು. ನನ್ನನ್ನು ಕಂಡು ಮೊರ ಕೆಳಗಿಟ್ಟು ಎದ್ದರು. ಕಾಲಿಗೆ ನೀರು ಕೊಟ್ಟರು. ಮರ್ಯಾದೆಯಲ್ಲಿ ಒಂದೂ ಕಡಿಮೆ ಮಾಡಲಿಲ್ಲ, ನನಗೆ ಇನ್ನಷ್ಟು ಕುಗ್ಗುವಂತಾಯಿತು.

"ಕೂಡ್ರಿ ಬೀಗರ. ಕುರ್ಚಿ ಪ್ಲಾಸ್ಟಿಕ್ಕಿಂದರಿ. ಇದ್ರಾಗ ಖೋಟಾ ಇಲ್ಲ, ಧೈರ್ಯದಿಂದ ಕೂಡ್ರಿ."

ಕೂತೆ. ಚಹಾ ತಂದರು. "ಕಪ್ಪು ಖರೇ ಪಿಂಗಾಣಿದೋ ಅಲ್ಲೋ, ಬೇಕಾದ್ರ ಕೆರದ ನೋಡ್ರಿ."

"ತಪ್ಪಾತ್ರಿ ಅಕ್ಕಾರ," ಎಂದೆ. ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದ ಮಾತು ಬಹಳ ಇದ್ದವು. ಬಾಯಿಗೆ ಬಂದದ್ದು ಅಷ್ಟೇ.

ಅವರು ಮೊರವನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡರು. "ಮಂದ್ಯಾಗ ನಕ್ಕದ್ದಕ್ಕ ನನಗ ಸಿಟ್ಟಿಲ್ರಿ. ಬೀಗರಂದಮ್ಯಾಗ ನಗತಾರ, ನಾವೂ ನಗತೇವಿ. ಆದ್ರ ನನ್ನ ಮಗಳು ಅಲ್ಲೇ ನಿಂತಿದ್ಲು. ಆಕಿಗೆ ಅಪ್ಪನ ಕೈ ಅಂತ ಉಳದದ್ದು ಅದೊಂದ ಕೋಲು." ಮೊರದಿಂದ ಒಂದು ಹರಳು ಹೆಕ್ಕಿ ಬಿಸಾಕಿ ಹೇಳಿದರು, "ಅವ್ರಿಗೆ ಉಳಿ ಹಿಡದ ರೂಢಿ ಇರ್ಲಿಲ್ಲ. ಹೆಬ್ಬಟ್ಟು ಕೊಯ್ಕೊಂಡ್ರು. ಕಟಗಿಗೆ ರಕ್ತ ಹತ್ತಿತ್ತು. ಕೂಸಿನ ತೊಟ್ಲದಾಗ ರಕ್ತ ಕಾಣಬಾರದಂತ ಬಾಗಲಿಗೆ ಹಚ್ಚೂ ಬಣ್ಣ ತಂದು ಬಳದ್ರು. ಹಳೇದು ಕಾಣ್ಲೆಂತ ಅಲ್ರಿ."

ನನ್ನ ಕೈಲಾಗುವುದು ಒಂದಿತ್ತು, ಅದನ್ನೇ ಹೇಳಿದೆ. "ಆ ಗೀರು ಮುಚ್ಚಿಕೊಡ್ತೇನ್ರಿ. ನಾ ಮುಚ್ಚಿದ್ರ ನಿಮಗೂ ಗುರ್ತ ಸಿಗಂಗಿಲ್ಲ."

"ಬ್ಯಾಡ್ರಿ. ಅದೂ ನಿಮ್ಮ ಮನಿಯಿಂದನ ಬಂದದ್ದು. ಇರ್ಲಿ."

ಆಮೇಲೆ ಒಳಗೆ ಹೋಗಿ ಟ್ರಂಕಿನಿಂದ ಬಟ್ಟೆಯ ಸುತ್ತು ತಂದರು. ಅವತ್ತು ಚೀಲಕ್ಕೆ ಸೇರಿಸಿದ್ದು ಅದೇ. ಖಾಲಿ ತೂತಿನಿಂದ ತೆಗೆದ ಹಳೆಯ ಕೋಲು.

"ಅಳತಿಗೆ ಒಯ್ರಿ. ಮತ್ತೊಂದು ಮಾತು. ಯಾವ್ದರ ಹಳೇ ಬಾಗಲ ಕೊಯ್ದು ಹಾಕಬ್ಯಾಡ್ರಿ. ನಿಮ್ಮ ಮನೀದು ಹಾಕ್ರಿ."

ಬಸ್ಸಿನಲ್ಲಿ ಕಣ್ಣು ಮುಚ್ಚಿ ಆ ಕೋಲಿನ ಮೇಲೆ ಬೆರಳಾಡಿಸಿದೆ. ಒಂದು ಮಗ್ಗುಲಿಗೆ ತುಸು ಚಪ್ಪಟೆ. ಖರೇ ಹಳೆಯದು. ತುದಿಯ ಹತ್ತಿರ ಜೋಡಿ ಜೋಡಿಯಾಗಿ ಸಣ್ಣ ಗುಳಿಗಳಿದ್ದವು, ತೊಟ್ಟಿಲಿನ ಅಂಚಿನ ಮೇಲೆ ಕಂಡಂಥವೇ. ಯಾವ ಉಳಿಯೂ ಅಂಥ ಗುಳಿ ಬೀಳಿಸುವುದಿಲ್ಲ. ಹಲ್ಲು ಬರುವ ಕೂಸುಗಳು ಕಚ್ಚಿದ ಗುರುತು ಅವು. ಬೀಗತಿಯ ಅವ್ವ, ಬೀಗತಿ, ನನ್ನ ಸೊಸೆ. ಇವರ ಹಾಲುಹಲ್ಲಿಗೆ ನಾನು ಮಂದಿಯ ಮುಂದೆ ಖೋಟಾ ಎಂದಿದ್ದೆ. ಪಕ್ಕದಲ್ಲಿ ಕೂತ ಹೆಣ್ಣುಮಗಳು "ಅಜ್ಜಾ, ಆರಾಮ ಇಲ್ಲೇನು?" ಎಂದು ಕೇಳಿ ಕಿಟಕಿ ಸರಿಸಿದಳು.

ಇಷ್ಟಾದ ಮೇಲೂ ಕೈ ತನ್ನ ಚಟ ಬಿಡಲಿಲ್ಲ. ನವನಗರಕ್ಕೆ ಬಂದ ವರ್ಷ ಹೆಂಡತಿ ನೆಟ್ಟ ಬೇವಿನ ಗಿಡ ಬಾಗಿಲಲ್ಲಿದೆ. ಕರೆಂಟ್ ತಂತಿಗೆ ತಾಗುತ್ತದೆಂದು ಹೋದ ವರ್ಷ ಕಡಿದ ಟೊಂಗೆ ಮಾಳಿಗೆಯ ಮೇಲೆ ಚೆನ್ನಾಗಿ ಒಣಗಿತ್ತು. ಅದರಿಂದ ಕೋಲು ಕಡೆದೆ. ಹಳೆಯದಕ್ಕೆ ಕೂದಲಷ್ಟೂ ವ್ಯತ್ಯಾಸವಿಲ್ಲದಂತೆ ಗಂಟು ಗಂಟೂ ಇಳಿಸಿದೆ. ಒಂದು ಮಗ್ಗುಲು ಸ್ವಲ್ಪ ಚಪ್ಪಟೆ ಕೂಡ ಮಾಡಿದೆ.

"ಒಂದಿಷ್ಟು ಚಾ ಕಾಸು, ಗಟ್ಟಿ ಇರ್ಲಿ," ಎಂದು ಹೆಂಡತಿಯನ್ನು ಕೂಗಿದೆ.

"ಕುಡ್ಯಾಕೋ ಬಳ್ಯಾಕೋ?"

ಬಳಿದು ಒಣಗಿಸಿ, ಎಣ್ಣೆ ತಿಕ್ಕಿ, ಎರಡು ಕೋಲನ್ನೂ ಅವಳ ಮುಂದೆ ಹಿಡಿದೆ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು. "ಭಾಳ ಚಂದ ಆಗೇತ್ರಿ. ನಿಮ್ದು ಯಾವ್ದು ಇದ್ರಾಗ?"

ಜೀವಮಾನವೆಲ್ಲ ಗಿರಾಕಿಗಳು ಅದನ್ನೇ ಕೇಳಲಿ ಎಂದು ದುಡಿದವನು ನಾನು. ಅವತ್ತು ಅದು ಬೈಗುಳದ ಹಾಗೆ ಕೇಳಿಸಿತು. ನೇಕಾರನ ಕೋಲು ನೇಕಾರನದೆಂದು ಕಾಣುತ್ತದೆ. ಹಮಾಲಿಯ ಕೋಲು ದೂರದಿಂದಲೇ ಕಾಣುತ್ತದೆ. ನನ್ನದು ಎಲ್ಲಿದೆ ಎಂದು ನನ್ನ ಹೆಂಡತಿಗೇ ಗುರುತು ಸಿಗಲಿಲ್ಲ. ಆ ಕೋಲನ್ನು ನೀರೊಲೆಗೆ ಹಾಕಿದೆ. ಉಳಿದ ಟೊಂಗೆಯಲ್ಲಿ ಇನ್ನೊಂದು ಕಡೆದೆ. ಯಾವ ನಕಲೂ ಇಲ್ಲ, ಬಣ್ಣವೂ ಇಲ್ಲ. ನುಣುಪು ಮಾಡಿ ಕೊಬ್ಬರಿ ಎಣ್ಣೆ ಮಾತ್ರ ತಿಕ್ಕಿದೆ.

ಬೀಗತಿ ಬಂದರು. ಈ ಸಲ ನಾನು ಓಣಿಯವರನ್ನು ಕರೆಯಲಿಲ್ಲ, ಅವರೇ ಕರೆದರು. "ಅವತ್ತ ಇದ್ದವ್ರೆಲ್ಲ ಇರ್ಲಿ," ಎಂದು ಪಕ್ಕದ ಮನೆಯವನನ್ನೂ ಕೂಡಿಸಿದರು. ನನ್ನ ಕೋಲನ್ನು ಕೈಗೆ ತೆಗೆದುಕೊಂಡು, ನಾನು ಕೂತಿದ್ದ ಹಾಗೇ ಕುಕ್ಕರುಗಾಲಲ್ಲಿ ಕೂತರು. ತಿರುಗಿಸಿದರು, ಮೂಸಿದರು, ಕಿವಿಯ ಹತ್ತಿರ ಹಿಡಿದು ಬೆರಳಿಂದ ಬಡಿದರು. ಅಡಿಯ ಕಡೆ, ತೂತಿನಲ್ಲಿ ಮುಚ್ಚಿಹೋಗುವ ಜಾಗದಲ್ಲಿ ಉಗುರಿನಿಂದ ಇಷ್ಟೇ ಇಷ್ಟು ಕೆರೆದರು. ಆ ಮರ್ಯಾದೆ ಅವರಿಗೆ ಯಾರೂ ಕಲಿಸಿರಲಿಲ್ಲ.

"ಹೊಸಾ ಮಾಲು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. "ಬೇವಿಂದು. ಬಡಗ್ಯಾರ ಕೈ ಖರೆ. ಬಡಗ್ಯಾರ ಬಾಯಿ ಮಾತ್ರ ಜೋಡಣಿ ಮಾಲು!"

ಅಂಗಳ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನನ್ನ ಹೆಂಡತಿ. ನಾನು ಖಾಲಿ ತೂತಿಗೆ ಕೋಲು ಕೂಡಿಸಿದೆ. ಸೊಸೆ ಜೋಳಿಗೆ ಬಿಚ್ಚಿ ಕೂಸನ್ನು ತೊಟ್ಟಿಲಿಗೆ ಹಾಕಿದಳು. ಆಮೇಲೆ ಒಂದು ಕೈಯಿಂದ ತೂಗುತ್ತ, ಇನ್ನೊಂದು ಕೈಯನ್ನು ತಂದೆಯ ಕೋಲಿನ ಮೇಲೆ ಇಟ್ಟುಕೊಂಡಳು. ಹೆಬ್ಬೆರಳು ಸರಿಯಾಗಿ ಆ ಗೀರಿನ ಮೇಲೆ. ಬೇಕೆಂದು ಇಟ್ಟಳೋ, ಇಲ್ಲವೋ, ನಾನು ಕೇಳಲಿಲ್ಲ.

ಇದೆಲ್ಲ ಸರಿಹೋಯಿತು ಎಂದು ಬರೆಯಬಹುದು. ಫೋನಿನಲ್ಲಿ ಬೀಗರ ಸುದ್ದಿ ಮತ್ತೆ ಕೇಳುತ್ತಾರೆ. ಹಬ್ಬಕ್ಕೆ ಬರುತ್ತಾರೆ, ಹೋಳಿಗೆಗೆ ಬೆಲ್ಲ ಕಡಿಮೆ ಅನ್ನುತ್ತಾರೆ. ಆದರೆ ಆ ಉಗುರಗಲದ ಬಿಳಿ ಗೀರು ಪಡಸಾಲೆಯ ಬಾಗಿಲ ಕಡೆಗೇ ಇದೆ, ಒಳಗೆ ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಒಮ್ಮೆ ಯಾರೂ ಇಲ್ಲದಾಗ ತೊಟ್ಟಿಲನ್ನು ತಿರುಗಿಸಿ, ಆ ಮಗ್ಗುಲು ಗೋಡೆಗೆ ಬರುವಂತೆ ಇಟ್ಟೆ. ಸೊಸೆ ಬಂದು ನೋಡಿದಳು. ಮತ್ತೆ ಮೊದಲಿನಂತೆ ತಿರುಗಿಸಿದಳು.

ಮೊನ್ನೆ ಕೂಸು ಕಚ್ಚಿದ್ದೂ ಅದೇ ಕೋಲನ್ನು. ನನ್ನ ಬೇವಿನ ಕೋಲು ಪಕ್ಕದಲ್ಲೇ ನುಣ್ಣಗೆ ಹೊಳೆಯುತ್ತಿತ್ತು, ಅದರ ಕಡೆ ನೋಡಲೂ ಇಲ್ಲ. ಸೊಸೆ ಓಡಿ ಬಂದು ನೋಡಿ, "ಆಕಿಗೆ ನಮ್ಮಪ್ಪಂದ ಬೇಕ್ರಿ ಮಾವಾರ!" ಎಂದು ಬಾಯ್ತುಂಬ ನಕ್ಕಳು. ಗೀರಿನ ಕೆಳಗೆ ಎರಡು ಸಣ್ಣ ಗುಳಿ ಬಿದ್ದಿವೆ. ದಿನಾಲು ನೋಡುತ್ತೇನೆ.

ಈಗ ಮನೆಗೆ ಯಾರು ಬಂದರೂ ನಾನು ನನ್ನ ಸ್ಟೂಲನ್ನು ತೊಟ್ಟಿಲಿನ ಆ ಮಗ್ಗುಲಿಗೇ ಎಳೆದುಕೊಂಡು ಕೂರುತ್ತೇನೆ. ಮೊಣಕಾಲು ಆ ಕೋಲಿಗೆ ತಾಗಿಸಿ, ಧೋತರದ ಅಂಚನ್ನು ಗೀರಿನ ಮೇಲೆ ಇಳಿಬಿಟ್ಟು, ಕೂಸಿನ ಹಲ್ಲಿನ ಸುದ್ದಿ ಶುರು ಮಾಡುತ್ತೇನೆ. "ಮುತ್ಯಾ ಮೊಮ್ಮಗಳನ್ನ ಬಿಟ್ಟು ಏಳಂಗ ಇಲ್ಲ ನೋಡ್ರಿ," ಎಂದು ಬಂದವರು ನಗುತ್ತಾರೆ. ಹೌದು ಎಂದು ನಾನೂ ನಗುತ್ತೇನೆ. ಅವರು ಚಪ್ಪಲಿ ಮೆಟ್ಟಿ ಗೇಟು ದಾಟುವವರೆಗೂ ಏಳುವುದಿಲ್ಲ.